ಬಾವಿಯ ಲಾಗ್ ಒಂದು ಹೇಳುತ್ತದೆ, ಸೈಸ್ಮಿಕ್ ಇನ್ನೊಂದು: ತಪ್ಪು ಎಲ್ಲಿದೆ ಅಂತ ಹುಡುಕುವುದು

ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಕಲಬುರಗಿಯ ಆ ಬಿಸಿಲಲ್ಲಿ ಸುಮ್ನೆ ಯಾರೂ ಮನೆ ಬಿಟ್ಟು ಹೊರಡುವುದಿಲ್ಲ. ನಮ್ಮ ಓಣಿಯ ಹುಡುಗಿ ತಲೆಗೆ ಓಢಣಿ ಸುತ್ತಿಕೊಂಡು, ಲ್ಯಾಪ್‌ಟಾಪ್ ಹಿಡಿದು ಬಂದಳು. ಜಿಯಾಲಜಿ ಎಂಎಸ್ಸಿ ಕೊನೆಯ ಸೆಮಿಸ್ಟರ್. ಪ್ರಾಜೆಕ್ಟ್ ಕೊಡುವ ದಿನ ಹತ್ತಿರ ಬಂದಿದೆ ಅಂತ ಮುಖ ನೋಡಿದರೇ ಗೊತ್ತಾಯಿತು.

"ಕಾಕಾ, ಎಲ್ಲಾ ಬರೋಬರಿ ಹಾಕೀನ್ರಿ. ಆದ್ರೂ ಸಿಂಥೆಟಿಕ್ ಕೂಡವಲ್ದು ನೋಡ್ರಿ."

ನಾನು ಬಹಳ ವರ್ಷ ಎಣ್ಣೆ ಬಾವಿಗಳ ಲಾಗ್ ಓದುವ ಕೆಲಸ ಮಾಡಿ ಊರಿಗೆ ವಾಪಸ್ ಬಂದವನು. ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಅವತ್ತು ಅವಳ ಜೊತೆ ಕೂತು ಹುಡುಕಿದ್ದನ್ನೇ ಇಲ್ಲಿ ಬರೆದಿದ್ದೇನೆ. ಇದೇ ಕೆಲಸದಲ್ಲಿ ಸಿಕ್ಕಿಕೊಂಡವರಿಗೆ ಉಪಯೋಗ ಆಗಬಹುದು.

ಗೊತ್ತಿಲ್ಲದವರಿಗೆ ಎರಡು ಮಾತು. ಬಾವಿಯೊಳಗೆ ಇಳಿಸಿದ ಉಪಕರಣ ಕಲ್ಲನ್ನು ಅಳೆದು ಬರೆಯುವ ದಾಖಲೆಯೇ ಲಾಗ್, ಅದು ಆಳವನ್ನು ಮೀಟರಿನಲ್ಲಿ ಹೇಳುತ್ತದೆ. ಸೈಸ್ಮಿಕ್ ಅಂದರೆ ಮೇಲಿನಿಂದ ಸದ್ದು ಕಳಿಸಿ ತೆಗೆದ ಪದರಗಳ ಚಿತ್ರ. ಅದು ಅದೇ ಆಳವನ್ನು ಸದ್ದು ಕೆಳಗೆ ಹೋಗಿ ವಾಪಸ್ ಬರುವ ಸಮಯದಲ್ಲಿ, ಅಂದರೆ ಮಿಲಿಸೆಕೆಂಡಿನಲ್ಲಿ ಹೇಳುತ್ತದೆ. ಎರಡನ್ನೂ ಕೂಡಿಸಬೇಕು. ಸೋನಿಕ್ ಲಾಗ್ ವೇಗ ಕೊಡುತ್ತದೆ, ಡೆನ್ಸಿಟಿ ಲಾಗ್ ಸಾಂದ್ರತೆ ಕೊಡುತ್ತದೆ. ಎರಡರ ಗುಣಾಕಾರವೇ ಇಂಪೀಡೆನ್ಸ್. ಒಂದು ಪದರದಿಂದ ಇನ್ನೊಂದಕ್ಕೆ ಅದು ಬದಲಾದ ಕಡೆ ಸದ್ದು ತಿರುಗಿ ಬರುತ್ತದೆ. ಆ ಬದಲಾವಣೆಗಳಿಗೆ ಒಂದು ವೇವ್‌ಲೆಟ್, ಅಂದರೆ ಸೈಸ್ಮಿಕ್ ಸದ್ದಿನ ಒಂದು ಚಿಕ್ಕ ಅಲೆ, ಸೇರಿಸಿದರೆ, ಸೈಸ್ಮಿಕ್ ಈ ಜಾಗದಲ್ಲಿ ಹೀಗೆ ಕಾಣಬೇಕಿತ್ತು ಅನ್ನುವ ಕೃತಕ ಚಿತ್ರ ಸಿಗುತ್ತದೆ. ಅದೇ ಸಿಂಥೆಟಿಕ್. ಅದು ನಿಜವಾದ ಸೈಸ್ಮಿಕ್ ಜೊತೆ ಕೂಡಬೇಕು.

ಕೂಡದಿದ್ದರೆ ಏನಾಗುತ್ತದೆ? 25 ಮಿಲಿಸೆಕೆಂಡ್ ತಪ್ಪಿತು ಅನ್ನಿ. ಸೆಕೆಂಡಿಗೆ 3000 ಮೀಟರ್ ವೇಗದ ಕಲ್ಲಿನಲ್ಲಿ ಅದು 37 ಮೀಟರಿಗಿಂತ ಜಾಸ್ತಿ ಆಳ. ಎಣ್ಣೆ ಇರುವ ಮರಳುಗಲ್ಲಿನ ನೆತ್ತಿ ಅಂತ ನೀವು ಬೇರೆಯದೇ ಪದರವನ್ನು ಹಿಡಿದು ನಕ್ಷೆ ಮಾಡುತ್ತೀರಿ. ವಿಸ್ತೀರ್ಣ ತಪ್ಪು, ದಪ್ಪ ತಪ್ಪು, ಕೊನೆಗೆ ಎಷ್ಟು ಬ್ಯಾರೆಲ್ ಅನ್ನುವ ಲೆಕ್ಕವೂ ತಪ್ಪು.

ಮೊದಲು ಎಳೆದದ್ದನ್ನು ಬಿಡಿ

ಅವಳ ಪರದೆ ನೋಡಿದೆ. ಮೇಲಿನ ಪದರದ ಗುರುತು ಚೆನ್ನಾಗಿ ಕೂಡಿತ್ತು. ಯಾಕೆಂದರೆ ಅವಳೇ ಅದನ್ನು ಮೌಸಿನಲ್ಲಿ ಹಿಡಿದು 25 ಮಿಲಿಸೆಕೆಂಡ್ ಮೇಲಕ್ಕೆ ಎಳೆದಿದ್ದಳು! ಅಲ್ಲಿಂದ 60 ಮೀಟರ್ ಕೆಳಗಿನ ಗುರುತು ಮಾತ್ರ ಇದ್ದಲ್ಲೇ ಇತ್ತು. ಸಾಫ್ಟ್‌ವೇರ್ ಏನೂ ತಕರಾರು ಮಾಡಿರಲಿಲ್ಲ, ಅದು ಯಾವತ್ತೂ ಮಾಡುವುದಿಲ್ಲ.

"ಈ ನಡುವಿನ ವೇಗ ಎಷ್ಟು ಬಂತು ನೋಡವ್ವ."

ಲೆಕ್ಕ ಹಾಕಿದಳು. ಸೋನಿಕ್ ಪ್ರಕಾರ ಅಲ್ಲಿ 2000 ಮೀಟರ್ ವೇಗ. ಅಂದರೆ 60 ಮೀಟರ್ ದಾಟಿ ವಾಪಸ್ ಬರಲು 60 ಮಿಲಿಸೆಕೆಂಡ್ ಸಾಕು. ಎಳೆದ ಮೇಲೆ ಅದು 85 ಆಗಿದೆ. ವೇಗ ಸುಮಾರು 1410ಕ್ಕೆ ಇಳಿದಿದೆ. ನೀರಿನಲ್ಲೇ ಸದ್ದು ಸುಮಾರು 1500 ಮೀಟರ್ ವೇಗದಲ್ಲಿ ಹೋಗುತ್ತದೆ. ಸಾವಿರಾರು ಅಡಿ ಕೆಳಗೆ ಒತ್ತಿ ಕೂತ ಜೇಡಿಗಲ್ಲು ನೀರಿಗಿಂತ ನಿಧಾನ ಅಂದರೆ ಯಾರು ನಂಬುತ್ತಾರೆ?

ಅವಳು ನಾಲಿಗೆ ಕಚ್ಚಿಕೊಂಡಳು. ಎಲ್ಲ ಎಳೆತ ತೆಗೆದುಹಾಕಿ ಮೊದಲಿನ ಸ್ಥಿತಿಗೆ ತಂದೆವು. ತಪ್ಪು ಹುಡುಕಬೇಕಾದರೆ ತಪ್ಪು ಕಣ್ಣಿಗೆ ಕಾಣುವ ಹಾಗೆ ಇರಬೇಕು. ಎಳೆದು ಮುಚ್ಚಿಟ್ಟರೆ ಹುಡುಕುವುದು ಏನನ್ನು?

ಎಷ್ಟು ಸರಿದಿದೆ, ಎಲ್ಲ ಕಡೆ ಅಷ್ಟೇ ಸರಿದಿದೆಯಾ?

ನಾನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಇದೇ. ವ್ಯತ್ಯಾಸ ಆಳದ ಜೊತೆ ಹೇಗೆ ಬದಲಾಗುತ್ತದೆ ಅನ್ನುವುದರಲ್ಲೇ ರೋಗದ ಅರ್ಧ ಗುರುತು ಇರುತ್ತದೆ. ಒಂದು ಹಾಳೆ ತೆಗೆದುಕೊಂಡು ಮೇಲೆ, ನಡುವೆ, ಕೆಳಗೆ ಹೀಗೆ ಕನಿಷ್ಠ ಮೂರು ಗುರುತಿನಲ್ಲಿ ಸಿಂಥೆಟಿಕ್ ಎಷ್ಟು ಮಿಲಿಸೆಕೆಂಡ್ ಮೇಲೆ ಅಥವಾ ಕೆಳಗೆ ಇದೆ ಅಂತ ಬರೆಯಿರಿ. ಪೆನ್ಸಿಲಿನಲ್ಲೇ ಬರೆಯಿರಿ, ಪರವಾಗಿಲ್ಲ.

ಎಲ್ಲ ಕಡೆ ಒಂದೇ ಅಂತರ ಇದ್ದರೆ ಸಮಯದ ಸೊನ್ನೆಯಲ್ಲಿ ತಪ್ಪಿದೆ. ನೆಲದ ಮೇಲಿನ ಸರ್ವೆಯಲ್ಲಿ ಸೈಸ್ಮಿಕ್ ಮಾಡಿದವರು ಒಂದು ಕಾಲ್ಪನಿಕ ಮಟ್ಟದಿಂದ ಸಮಯ ಎಣಿಸಿರುತ್ತಾರೆ, ಬಾವಿಯವರು ಇನ್ನೊಂದು ಮಟ್ಟದಿಂದ. ಕೆಳಗೆ ಹೋದ ಹಾಗೆ ಅಂತರ ಬೆಳೆಯುತ್ತಾ ಹೋದರೆ ವೇಗದಲ್ಲಿ ತಪ್ಪಿದೆ. ಸರಿಯಾಗಿ ಅರ್ಧಕ್ಕೆ ಬಂದು ಕೂತರೆ, ಹೋಗಿ ಬರುವ ಸಮಯದ ಬದಲು ಬರೀ ಹೋಗುವ ಸಮಯ ಹಾಕಿದ್ದೀರಿ. ಉಳಿದದ್ದೆಲ್ಲ ಕೂಡಿ ಒಂದು ಕಡೆ ಮಾತ್ರ ಕೆಟ್ಟಿದ್ದರೆ ಆ ಆಳದ ಲಾಗ್ ನೋಡಿ. ಅಲೆಯ ಗುಡ್ಡದ ಜಾಗದಲ್ಲಿ ಕಣಿವೆ, ಕಣಿವೆಯ ಜಾಗದಲ್ಲಿ ಗುಡ್ಡ ಬಂದರೆ ಪೋಲಾರಿಟಿ, ಅಂದರೆ ಅಲೆಯ ದಿಕ್ಕು, ಉಲ್ಟಾ ಆಗಿದೆ. ಎಲ್ಲಿಯೂ ಏನೂ ಕೂಡುವುದೇ ಇಲ್ಲ ಅಂದರೆ, ಬಹುಶಃ ನೀವು ಬೇರೆ ಜಾಗದ ಸೈಸ್ಮಿಕ್ ನೋಡುತ್ತಿದ್ದೀರಿ.

ಅವಳದ್ದು ಇದ್ಯಾವುದೂ ಅಲ್ಲ. ಸಿಂಥೆಟಿಕ್ ಎಲ್ಲ ಕಡೆಯೂ ಕೆಳಗೇ ಸರಿದಿತ್ತು. ಆದರೆ ಮೇಲಿನ ಗುರುತಿನಲ್ಲಿ 25 ಮಿಲಿಸೆಕೆಂಡ್, ಕೆಳಗಿನ ಸುಣ್ಣಗಲ್ಲಿನ ಹತ್ತಿರ ಬರೀ 15. ಕೆಳಗೆ ಹೋದಂತೆ ಅಂತರ ಕಡಿಮೆಯಾಗುತ್ತಿತ್ತು.

ಇದು ಆಳ ಅಳೆಯುವ ಸೊನ್ನೆಯ ತಪ್ಪು. ಹೇಗೆ ಅಂದರೆ, ಆಳ ಒಂದೇ ಅಳತೆಯಲ್ಲಿ ತಪ್ಪಿದ್ದರೂ ಅದು ಸಮಯದಲ್ಲಿ ಒಂದೇ ಅಳತೆಯಾಗಿ ಕಾಣುವುದಿಲ್ಲ. 25 ಮೀಟರ್ ತಪ್ಪಿದ್ದರೆ, ವೇಗ 2000 ಇರುವ ಕಡೆ ಅದು 25 ಮಿಲಿಸೆಕೆಂಡ್. ವೇಗ 3300 ಇರುವ ಕಡೆ ಅದೇ 25 ಮೀಟರ್ 15 ಮಿಲಿಸೆಕೆಂಡ್. ಎರಡೂ ಅವಳ ಹಾಳೆಯಲ್ಲಿ ಬರೆದ ಅಂಕಿಗೆ ಹೊಂದಿದವು.

ಲಾಗ್ ಫೈಲಿನ ತಲೆಭಾಗ ತೆಗೆದು ನೋಡಿದೆವು. ಕೆಲ್ಲಿ ಬುಶಿಂಗ್, ಅಂದರೆ ಕೊರೆಯುವ ರಿಗ್ಗಿನ ಅಟ್ಟದಲ್ಲಿ ಆಳ ಎಣಿಸಲು ಶುರು ಮಾಡುವ ಜಾಗ, ಅದರ ಎತ್ತರ 25 ಮೀಟರ್ ಅಂತ ಅಲ್ಲೇ ಬರೆದಿತ್ತು. ಅದು ಸಮುದ್ರದ ಬಾವಿ. ರಿಗ್ಗಿನ ಅಟ್ಟ ನೀರಿನ ಮಟ್ಟಕ್ಕಿಂತ ಮೇಲೆ ಇರುತ್ತದೆ, ಲಾಗಿನ ಆಳವನ್ನು ಅಲ್ಲಿಂದ ಅಳೆಯುತ್ತಾರೆ. ಚೆಕ್‌ಶಾಟ್ ಅಂದರೆ ಮೇಲೆ ಸದ್ದು ಮಾಡಿ, ಅದು ಬಾವಿಯೊಳಗಿನ ಯಾವ ಆಳಕ್ಕೆ ಎಷ್ಟು ಸಮಯದಲ್ಲಿ ಮುಟ್ಟಿತು ಅಂತ ಅಳೆದ ಪಟ್ಟಿ. ಆದರೆ ಅವಳ ಚೆಕ್‌ಶಾಟ್ ಪಟ್ಟಿಯಲ್ಲಿ ಆಳ ಸಮುದ್ರ ಮಟ್ಟದಿಂದ ಇತ್ತು. ಅವಳು ಎರಡನ್ನೂ ಒಂದೇ ಅಂದುಕೊಂಡು ಹಾಕಿದ್ದಳು.

"ಇಷ್ಟs ಏನ್ರಿ ಕಾಕಾ?"

ಇಷ್ಟೇ. ಅವಳ ಅಪ್ಪನ ಹೊಲ ಚಿತ್ತಾಪುರದ ಕಡೆ ಇದೆ. ಅಲ್ಲಿನ ಬೋರಿನ ಕೇಸಿಂಗ್ ಪೈಪ್ ನೆಲದ ಮೇಲೆ ಎರಡು ಅಡಿ ಎದ್ದು ನಿಂತಿದೆ. ನೀರು ಎಷ್ಟು ಅಡಿಗೆ ಇದೆ ಅಂದರೆ ಅಪ್ಪ ನೆಲದಿಂದ ಹೇಳುತ್ತಾರೆ, ಮೋಟರ್ ಇಳಿಸುವವನು ಕೇಸಿಂಗ್ ತುದಿಯಿಂದ ಹೇಳುತ್ತಾನೆ. ಪ್ರತಿ ಸಲ ಮೋಟರ್ ಎತ್ತಿದಾಗಲೂ ಈ ಎರಡು ಅಡಿಗೆ ವಾದ. ಇದನ್ನು ನೆನಪಿಸಿದ ಮೇಲೆ ಅವಳಿಗೆ ಮತ್ತೆ ವಿವರಿಸಬೇಕಾಗಲಿಲ್ಲ. ಓರೆಯಾಗಿ ಕೊರೆದ ಬಾವಿಯಾದರೆ ಇನ್ನೊಂದು ಹೆಜ್ಜೆ ಇದೆ. ಪೈಪಿನ ಉದ್ದವನ್ನು ಮೊದಲು ನೇರ ಆಳಕ್ಕೆ ಇಳಿಸಿ, ಆಮೇಲೆ ಅಟ್ಟದ ಎತ್ತರ ಕಳೆಯಬೇಕು. ಸೈಸ್ಮಿಕ್ ಎಳೆಯನ್ನೂ ಬಾವಿ ಹೋದ ದಾರಿಯಲ್ಲೇ ತೆಗೆಯಬೇಕು, ಬಾವಿಯ ಬಾಯಿಯ ಕೆಳಗೆ ನೇರವಾಗಿ ಅಲ್ಲ.

ಫೈಲ್ ಓದುವಾಗಲೇ ಆಗುವ ತಪ್ಪುಗಳು

ಇವನ್ನು ಬೇಗ ಹೇಳಿ ಮುಗಿಸುತ್ತೇನೆ. ಬೇಸರದ ವಿಷಯ, ಆದರೆ ಇಲ್ಲೇ ಜಾಸ್ತಿ ಜನ ಬೀಳುತ್ತಾರೆ.

ಸೋನಿಕ್ ಲಾಗ್ ಸಾಮಾನ್ಯವಾಗಿ ಒಂದು ಅಡಿಗೆ ಇಷ್ಟು ಮೈಕ್ರೋಸೆಕೆಂಡ್ ಅಂತ ಇರುತ್ತದೆ. 304800 ಅನ್ನು ಅದರಿಂದ ಭಾಗಿಸಿದರೆ ವೇಗ ಮೀಟರಿನಲ್ಲಿ ಸಿಗುತ್ತದೆ. 100 ಅಂತ ಇದ್ದರೆ 3048 ಮೀಟರ್. ಅಡಿಯನ್ನು ಮೀಟರ್ ಅಂದುಕೊಂಡರೆ 10000 ಬರುತ್ತದೆ. ನಮ್ಮ ಆಳಂದ ಕಡೆಯ ಗಟ್ಟಿ ಕರಿಕಲ್ಲಿನಂಥ ಬಸಾಲ್ಟಿನಲ್ಲೇ ವೇಗ ಐದಾರು ಸಾವಿರ. ಹತ್ತು ಸಾವಿರ ಕಂಡರೆ ಕಲ್ಲನ್ನಲ್ಲ, ಯೂನಿಟ್ ನೋಡಿ.

ಲಾಗ್‌ಗಳನ್ನು ಇಡುವ ಲಾಸ್ ಫೈಲಿನಲ್ಲಿ ಅಳತೆ ಇಲ್ಲದ ಕಡೆ -999.25 ಅಂತ ಬರೆದಿರುತ್ತಾರೆ. ಅದು ಖಾಲಿ ಜಾಗದ ಗುರುತು. ಪ್ರೋಗ್ರಾಂ ಅದನ್ನು ನಿಜವಾದ ಅಂಕಿ ಅಂದುಕೊಂಡರೆ ಸಿಂಥೆಟಿಕ್‌ನಲ್ಲಿ ಆಕಾಶಕ್ಕೆ ಹಾರಿದ ಒಂದು ಗೆರೆ, ಉಳಿದದ್ದೆಲ್ಲ ಸಪಾಟು.

ಸೈಸ್ಮಿಕ್ ಇಡುವ ಸೆಗ್-ವೈ ಫೈಲಿನಲ್ಲಿ ಪ್ರತಿ ಟ್ರೇಸಿನ, ಅಂದರೆ ಪ್ರತಿ ಸೈಸ್ಮಿಕ್ ಎಳೆಯ, ತಲೆಭಾಗದ 71ನೇ ಬೈಟಿನಲ್ಲಿ ಒಂದು ಸ್ಕೇಲರ್ ಇರುತ್ತದೆ. ಅಲ್ಲಿ -100 ಇದ್ದರೆ ಜಾಗದ ಅಂಕಿಗಳನ್ನು 100ರಿಂದ ಭಾಗಿಸಬೇಕು. ಮರೆತರೆ ಬಾವಿ ಒಂದು ಕಡೆ, ಸರ್ವೆ ಇನ್ನೊಂದು ದೇಶದಲ್ಲಿ. ಇದು ದೊಡ್ಡ ತಪ್ಪು, ಹಾಗಾಗಿ ಬೇಗ ಸಿಗುತ್ತದೆ. ಸಣ್ಣ ತಪ್ಪೇ ಅಪಾಯ. ಹಳೆಯ ನಕ್ಷೆಗಳ ಎವರೆಸ್ಟ್ ಲೆಕ್ಕದಲ್ಲಿ ಬರೆದ ಅಕ್ಷಾಂಶ ರೇಖಾಂಶವನ್ನು ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಲೆಕ್ಕದ್ದು ಅಂದುಕೊಂಡರೆ ಬಾವಿ ನೂರು ಮೀಟರಿಗೂ ಜಾಸ್ತಿ ಪಕ್ಕಕ್ಕೆ ಸರಿಯಬಹುದು. ಪದರಗಳು ಸಪಾಟಾಗಿದ್ದರೆ ಗೊತ್ತೇ ಆಗುವುದಿಲ್ಲ. ನಡುವೆ ಒಂದು ಬಿರುಕು ಇದ್ದರೆ ಬಾವಿ ಅದರ ಆಚೆ ದಂಡೆಗೆ ಹೋಗಿ ಕೂರುತ್ತದೆ.

ಇಲ್ಲದ ಪದರ

25 ಮೀಟರ್ ಸರಿಪಡಿಸಿದ ಮೇಲೆ ಬಹುಪಾಲು ಕೂಡಿತು. ಅವಳು ಎದ್ದು ಹೊರಡುವುದರಲ್ಲಿದ್ದಳು. ಆದರೆ ನಡುವೆ ಒಂದು ಕಡೆ ಸಿಂಥೆಟಿಕ್‌ನಲ್ಲಿ ದಪ್ಪ ಕಪ್ಪು ಗೆರೆ, ಸೈಸ್ಮಿಕ್‌ನಲ್ಲಿ ಅಲ್ಲಿ ಏನೂ ಇಲ್ಲ. ಅವಳು ಆಸೆಯಿಂದ ನೋಡಿದಳು. "ಗ್ಯಾಸ್ ಇರಬಹುದೇನ್ರಿ?"

ಗ್ಯಾಸ್ ಅನ್ನುವ ಮೊದಲು ಕ್ಯಾಲಿಪರ್ ನೋಡಬೇಕು. ಅದು ಬಾವಿಯ ಅಗಲ ಅಳೆಯುವ ಕೈ. ಬಾವಿ ಕೊರೆದ ಬಿಟ್ ಎಂಟೂವರೆ ಇಂಚಿನದು, ಆದರೆ ಕ್ಯಾಲಿಪರ್ ಅಲ್ಲಿ 14 ಇಂಚು ತೋರಿಸುತ್ತಿತ್ತು. ಜೇಡಿಗಲ್ಲು ನೀರು ಕುಡಿದು ಉಬ್ಬಿ, ಕುಸಿದು ಬಿದ್ದಿದೆ. ಡೆನ್ಸಿಟಿ ಉಪಕರಣ ಬಾವಿಯ ಗೋಡೆಗೆ ಒತ್ತಿ ಕೂತರೆ ಮಾತ್ರ ಕಲ್ಲನ್ನು ಓದುತ್ತದೆ. ಗೋಡೆ ದೂರ ಹೋದರೆ ನಡುವಿನ ಕೊರೆತದ ಮಣ್ಣುನೀರನ್ನೂ ಸೇರಿಸಿ ಓದುತ್ತದೆ. ಜೊತೆಯಲ್ಲಿ ಬರುವ ಡೆನ್ಸಿಟಿ ತಿದ್ದುಪಡಿ ಗೆರೆ 0.1 ದಾಟಿತ್ತು. ಅದು ಉಪಕರಣವೇ ಕೂಗಿ ಹೇಳಿದ ಎಚ್ಚರಿಕೆ.

ಲೆಕ್ಕ ಹಾಕಿ ನೋಡಿದೆವು. ಮೇಲೆ, ಕೆಳಗೆ ಸಾಂದ್ರತೆ 2.4. ಕುಸಿದ ಕಡೆ 2.0. ವೇಗ ಎರಡೂ ಕಡೆ 2700 ಅನ್ನಿ. ಇಂಪೀಡೆನ್ಸ್ 6480 ಇದ್ದದ್ದು 5400 ಆಗುತ್ತದೆ. ಸದ್ದು ಎಷ್ಟು ಬಲವಾಗಿ ತಿರುಗಿ ಬರುತ್ತದೆ ಅಂತ ತಿಳಿಯಲು ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಸುಮಾರು -0.09. ಒಳ್ಳೆಯ ಗ್ಯಾಸ್ ಮರಳಿನ ನೆತ್ತಿಯಲ್ಲಿ ಸಿಗುವಂಥ ಅಂಕಿ ಇದು. ಬರೀ ಕುಸಿದ ಗೋಡೆ ಇಷ್ಟು ದೊಡ್ಡ ಸುಳ್ಳು ಹೇಳುತ್ತದೆ.

ಪರಿಹಾರ ಏನು? ಆ ತುಂಡಿನ ಡೆನ್ಸಿಟಿ ತೆಗೆದುಹಾಕಿ, ವೇಗದಿಂದ ಅಂದಾಜು ಮಾಡಬಹುದು. ಗಾರ್ಡನರ್ ಮತ್ತು ಜೊತೆಗಾರರು 1974ರಲ್ಲಿ ಕೊಟ್ಟ ಸೂತ್ರ ಸುಲಭ. ವೇಗದ ವರ್ಗಮೂಲ, ಅದರ ಮತ್ತೊಂದು ವರ್ಗಮೂಲ, ಅದನ್ನು 0.31ರಿಂದ ಗುಣಿಸಿ. 3048 ಮೀಟರ್ ವೇಗಕ್ಕೆ 2.30 ಬರುತ್ತದೆ. ಆದರೆ ಒಂದು ಎಚ್ಚರ. ಗೋಡೆ ಕುಸಿದ ಕಡೆ ಸೋನಿಕ್ ಕೂಡ ಕೆಡುತ್ತದೆ. ಸದ್ದಿನ ಮೊದಲ ಅಲೆ ಕ್ಷೀಣವಾಗಿ, ಉಪಕರಣ ಎರಡನೆಯದನ್ನು ಎಣಿಸಿ ಸಮಯ ಜಾಸ್ತಿ ತೋರಿಸುತ್ತದೆ. ಗೆರೆಯಲ್ಲಿ ಮುಳ್ಳಿನ ಹಾಗೆ ಚುಚ್ಚಿದ ಗುರುತು ಕಂಡರೆ ಅದೇ. ಕೆಟ್ಟ ಸೋನಿಕ್‌ನಿಂದ ಡೆನ್ಸಿಟಿ ಮಾಡಿದರೆ ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಸೇರುತ್ತದೆ, ಅಷ್ಟೇ. ಮೊದಲು ಮುಳ್ಳು ಕೀಳಿ, ಆಮೇಲೆ ಸೂತ್ರ ಹಾಕಿ. ತಿದ್ದಿದ ತುಂಡು ಎಲ್ಲಿಂದ ಎಲ್ಲಿಗೆ ಅಂತ ವರದಿಯಲ್ಲಿ ಬರೆಯುವುದನ್ನು ಮರೆಯಬೇಡಿ.

ತಿದ್ದಿದ ಮೇಲೆ ಆ ಕಪ್ಪು ಗೆರೆ ಮಾಯ. ಹುಡುಗಿಯ ಮುಖ ಸಣ್ಣಗಾಯಿತು. ಗ್ಯಾಸ್ ಹೋಯಿತಲ್ಲ!

ಪೋಲಾರಿಟಿ, ಮತ್ತು ನಮ್ಮ ಕಾಲ ಕೆಳಗಿನ ಕಲ್ಲು

ಇಂಪೀಡೆನ್ಸ್ ಹೆಚ್ಚಾದ ಕಡೆ ಗುಡ್ಡ ಬರೆಯುವವರು ಇದ್ದಾರೆ, ಕಣಿವೆ ಬರೆಯುವವರೂ ಇದ್ದಾರೆ. ಅಮೆರಿಕದವರ ರೂಢಿ ಒಂದು, ಯುರೋಪಿನದು ಅದಕ್ಕೆ ಉಲ್ಟಾ. ಫೈಲಿನ ತಲೆಭಾಗದಲ್ಲಿ ಬರೆದದ್ದನ್ನು ನಾನು ನಂಬುವುದಿಲ್ಲ. ಖಚಿತವಾಗಿ ಗೊತ್ತಿರುವ ಒಂದು ಪದರ ಹಿಡಿದು ನೋಡುತ್ತೇನೆ. ಸಮುದ್ರದಲ್ಲಾದರೆ ಕೆಲಸ ಸುಲಭ: ನೀರಿನಿಂದ ಸಮುದ್ರದ ತಳಕ್ಕೆ ಇಂಪೀಡೆನ್ಸ್ ಹೆಚ್ಚಾಗುತ್ತದೆ. ತಳ ಗುಡ್ಡವಾಗಿ ಕಂಡಿತಾ, ಕಣಿವೆಯಾಗಿ ಕಂಡಿತಾ ನೋಡಿ, ಉತ್ತರ ಸಿಗುತ್ತದೆ.

ನೆಲದ ಮೇಲೆ ಏನು ಮಾಡುವುದು? ಗುಜರಾತಿನ ಖಂಭಾತ್ ಕಡೆ ಈ ಕೆಲಸಕ್ಕೆ ನಮ್ಮದೇ ಕಲ್ಲು ಬರುತ್ತದೆ. ಬೀದರ್, ಆಳಂದದಲ್ಲಿ ನೆಲದ ಮೇಲೇ ಇರುವ ಡೆಕ್ಕನ್ ಬಸಾಲ್ಟ್, ಸುಮಾರು 6 ಕೋಟಿ 60 ಲಕ್ಷ ವರ್ಷದ ಹಿಂದಿನ ಲಾವಾ, ಅಲ್ಲಿ ಎಣ್ಣೆಯ ಪದರಗಳ ಕೆಳಗೆ ತಳವಾಗಿ ಮಲಗಿದೆ. 1960ರಲ್ಲಿ ಎಣ್ಣೆ ಸಿಕ್ಕ ಅಂಕಲೇಶ್ವರದ ಕೆಳಗೂ ಇದೇ. ಜೇಡಿಗಲ್ಲಿನಿಂದ ಬಸಾಲ್ಟಿಗೆ ಇಳಿದಾಗ ಇಂಪೀಡೆನ್ಸ್ ಎರಡು ಪಟ್ಟು ಆದರೂ ಆಶ್ಚರ್ಯ ಇಲ್ಲ, ಸೈಸ್ಮಿಕ್‌ನಲ್ಲಿ ಗಟ್ಟಿ ಗೆರೆ ಬರುತ್ತದೆ. ಅದನ್ನು ಹಿಡಿದು ಪೋಲಾರಿಟಿ ಹೇಳಬಹುದು. ಆದರೆ ಬಸಾಲ್ಟಿನ ನೆತ್ತಿ ಕೆಲವು ಕಡೆ ಕೊಳೆತು ಮೆತ್ತಗಾಗಿರುತ್ತದೆ, ಅದರ ಮೇಲೆ ಅದೇ ಕಲ್ಲು ಕರಗಿ ಬಂದ ಮಣ್ಣು ಕೂತಿರುತ್ತದೆ. ಅಲ್ಲಿನವರು ಅದನ್ನು ಟ್ರ್ಯಾಪ್ ವಾಶ್ ಅನ್ನುತ್ತಾರೆ. ಅಂಥ ಕಡೆ ಗೆರೆ ಮಸುಕು. ಬೀದರ್‌ನ ಕೆಂಪು ಮುರಕಲ್ಲು ನೋಡಿದವರಿಗೆ ಬಸಾಲ್ಟ್ ಎಷ್ಟು ಕೊಳೆಯಬಹುದು ಅಂತ ಹೇಳಬೇಕಾಗಿಲ್ಲ.

ಅಂದಹಾಗೆ, ನಮ್ಮಲ್ಲಿ ಎಣ್ಣೆ ಬಾವಿ ಯಾಕಿಲ್ಲ ಅಂತ ಅವಳು ಕೇಳಿದಳು. ನಾವು ಕೂತಿದ್ದ ಪಡಸಾಲೆಯ ಶಹಾಬಾದ್ ಕಲ್ಲು ತೋರಿಸಿದೆ. ಭೀಮಾ ಕಣಿವೆಯ ಈ ಸುಣ್ಣಗಲ್ಲು ತುಂಬಾ ಹಳೆಯದು, ಮೀನು ಕೂಡ ಹುಟ್ಟದ ಕಾಲದ್ದು. ನಮ್ಮ ಪಾಲಿಗೆ ಬಂದದ್ದು ಫರಸಿ, ಸಿಮೆಂಟ್, ಮತ್ತು ಶಹಾಪುರದ ಗೋಗಿಯಲ್ಲಿ ಯುರೇನಿಯಂ.

ಎಳೆಯಲೇಬೇಕಾದರೆ

ಎಲ್ಲ ಸರಿ ಮಾಡಿದ ಮೇಲೂ ಕೆಲವು ಮಿಲಿಸೆಕೆಂಡ್ ಉಳಿಯುತ್ತದೆ. ಅದು ಸಹಜ. ಸೋನಿಕ್ ಉಪಕರಣ 10-20 ಕಿಲೋಹರ್ಟ್ಜ್ ಸದ್ದು ಬಳಸುತ್ತದೆ, ಸೈಸ್ಮಿಕ್ 10ರಿಂದ 80 ಹರ್ಟ್ಜ್. ಹೆಚ್ಚು ಕಂಪನದ ಸದ್ದು ಕಲ್ಲಿನಲ್ಲಿ ಸ್ವಲ್ಪ ಜೋರಾಗಿ ಓಡುತ್ತದೆ. ಹಾಗಾಗಿ ಸೋನಿಕ್ ಕೂಡಿಸಿ ಬಂದ ಸಮಯ ಚೆಕ್‌ಶಾಟ್ ಸಮಯಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ. ಇದಕ್ಕೆ ಡ್ರಿಫ್ಟ್ ಅನ್ನುತ್ತಾರೆ. ಚೆಕ್‌ಶಾಟ್ ಅನ್ನು ನಂಬಿ, ಡ್ರಿಫ್ಟ್ ಗೆರೆಯನ್ನು ನಯವಾಗಿ ಎಳೆಯಿರಿ. ಗೆರೆಯಲ್ಲಿ ಮೊಣಕಾಲಿನ ಹಾಗೆ ಚೂಪಾದ ತಿರುವು ಇದ್ದರೆ ಅಲ್ಲೊಂದು ಸುಳ್ಳು ಪ್ರತಿಫಲನ ಹುಟ್ಟಿಕೊಳ್ಳುತ್ತದೆ.

ಅದಕ್ಕೂ ಮೀರಿ ಎಳೆಯುವುದಾದರೆ, ಎಳೆದ ಮೇಲಿನ ವೇಗವನ್ನು ಸೋನಿಕ್ ಪಕ್ಕದಲ್ಲಿ ಇಟ್ಟು ನೋಡಿ. ಕೋರಿಲೇಶನ್, ಅಂದರೆ ಎರಡೂ ಎಷ್ಟು ಹೋಲುತ್ತವೆ ಅನ್ನುವ ಅಂಕಿ, 0.8 ಬಂತು ಅಂತ ಹಿಗ್ಗಬೇಡಿ. ಹೋಲಿಸುವ ಸಮಯದ ಕಿಟಕಿ ಚಿಕ್ಕದು ಮಾಡಿ, ವೇವ್‌ಲೆಟ್‌ನ ಫೇಸ್ ತಿರುಗಿಸಿ, ಎಳೆದು ಒತ್ತಿದರೆ ಯಾವ ಬಾವಿಯನ್ನೂ ಯಾವ ಸೈಸ್ಮಿಕ್ ಜೊತೆಗೂ ಕೂಡಿಸಬಹುದು. ನನ್ನ ಅಭ್ಯಾಸ ಇದು: ಮೊದಲು 25 ಹರ್ಟ್ಜ್ ರಿಕರ್ ಅನ್ನುವ ಸಿದ್ಧ ವೇವ್‌ಲೆಟ್ ಹಾಕಿ ಒರಟಾಗಿ ಕೂಡಿಸುತ್ತೇನೆ. ಅದು ಕಣ್ಣಿಗೆ ಒಪ್ಪಿದ ಮೇಲೆ ಮಾತ್ರ ಸೈಸ್ಮಿಕ್‌ನಿಂದ ವೇವ್‌ಲೆಟ್ ತೆಗೆಯುತ್ತೇನೆ. ಉಲ್ಟಾ ಮಾಡಿದರೆ ನಿಮ್ಮ ತಪ್ಪೆಲ್ಲ ವೇವ್‌ಲೆಟ್‌ನೊಳಗೆ ಹೋಗಿ ಅಡಗಿ ಕೂರುತ್ತದೆ.

ನಿಜವಾಗಿ ಗ್ಯಾಸ್ ಇದ್ದ ಕಡೆ ಇನ್ನೊಂದು ತೊಡಕಿದೆ. ಕೊರೆತದ ನೀರು ಗೋಡೆಯೊಳಗೆ ಇಳಿದು ಗ್ಯಾಸನ್ನು ಹಿಂದೆ ತಳ್ಳುತ್ತದೆ. ಡೆನ್ಸಿಟಿ ಉಪಕರಣ ಕೆಲವೇ ಇಂಚು ಒಳಗೆ ನೋಡುತ್ತದೆ, ಆದ್ದರಿಂದ ಅದಕ್ಕೆ ನೀರೇ ಜಾಸ್ತಿ ಕಾಣುತ್ತದೆ. ಸೈಸ್ಮಿಕ್ ಮಾತ್ರ ದೂರದ ಗ್ಯಾಸನ್ನೇ ನೋಡುತ್ತದೆ. ಆಗ ಜಾಗ ಸರಿ ಇದ್ದು ಗೆರೆಯ ಬಲ ಮಾತ್ರ ಹೊಂದುವುದಿಲ್ಲ. ಗಾಸ್‌ಮನ್ 1951ರಲ್ಲಿ ಕೊಟ್ಟ ಸಮೀಕರಣದಿಂದ ನೀರಿನ ಬದಲು ಗ್ಯಾಸ್ ತುಂಬಿ ಮತ್ತೆ ಸಿಂಥೆಟಿಕ್ ಮಾಡಬೇಕು. ಹಾಗಂತ ಬಲವಾದ ಗೆರೆ ಕಂಡಲ್ಲೆಲ್ಲ ದೊಡ್ಡ ನಿಕ್ಷೇಪ ಅಂತಲ್ಲ. ಶೇಕಡಾ ನಾಲ್ಕೈದು ಗ್ಯಾಸ್ ಇದ್ದರೂ ವೇಗ ಧೊಪ್ಪನೆ ಬೀಳುತ್ತದೆ. ಐದಕ್ಕೂ ಎಪ್ಪತ್ತಕ್ಕೂ ಸೈಸ್ಮಿಕ್ ಹೆಚ್ಚು ಕಡಿಮೆ ಒಂದೇ ಮುಖ ತೋರಿಸುತ್ತದೆ. ಎಷ್ಟಿದೆ ಅನ್ನುವುದಕ್ಕೆ ಕಲ್ಲು ಕರೆಂಟನ್ನು ಎಷ್ಟು ತಡೆಯುತ್ತದೆ ಅಂತ ಅಳೆಯುವ ಬಾವಿಯ ರೆಸಿಸ್ಟಿವಿಟಿ ಲಾಗನ್ನೇ ಕೇಳಬೇಕು.

ಅಭ್ಯಾಸ ಮಾಡಲು ಡೇಟಾ ಬೇಕಾದವರಿಗೆ: ಉತ್ತರ ಸಮುದ್ರದ ನಾರ್ವೆ ಭಾಗದಲ್ಲಿರುವ ವೋಲ್ವೆ ಎಣ್ಣೆ ಕ್ಷೇತ್ರದ ಬಾವಿ, ಸೈಸ್ಮಿಕ್ ಎಲ್ಲವನ್ನೂ ಈಕ್ವಿನಾರ್ ಕಂಪನಿ 2018ರಲ್ಲಿ ಬಿಟ್ಟುಕೊಟ್ಟಿದೆ. ಪೈಥಾನ್‌ನಲ್ಲಿ ಲಾಸ್ ಓದಲು ಲಾಸಿಯೊ, ಸೆಗ್-ವೈ ಓದಲು ಸೆಗಿಯೊ ಇವೆ. ಸೈಸ್ಮಿಕ್ ನೋಡುವ ಸಾಫ್ಟ್‌ವೇರ್ ಓಪನ್‌ಡಿಟೆಕ್ಟ್ ಉಚಿತವಾಗಿ ಸಿಗುತ್ತದೆ.

ಸಂಜೆ ಆರಕ್ಕೆ ಕರೆಂಟ್ ಹೋಯಿತು. ಲ್ಯಾಪ್‌ಟಾಪಿನಲ್ಲಿ ಅರ್ಧ ಗಂಟೆಯ ಬ್ಯಾಟರಿ ಉಳಿದಿತ್ತು. ಸಿಂಥೆಟಿಕ್‌ನ ಕೊನೆಯ 50 ಮಿಲಿಸೆಕೆಂಡ್ ಇನ್ನೂ ಕೂಡಿರಲಿಲ್ಲ. ಅವಳು ಅದನ್ನು ಕತ್ತರಿಸಿಬಿಡಲೇ ಅಂತ ಕೇಳಿದಳು. ಅಲ್ಲಿ ಲಾಗ್ ಮುಗಿಯುತ್ತದೆ. ಅವಳ ವೇವ್‌ಲೆಟ್ 100 ಮಿಲಿಸೆಕೆಂಡ್ ಉದ್ದ, ಅರ್ಧ ಭಾಗ ಲಾಗ್ ಇಲ್ಲದ ಖಾಲಿಯ ಮೇಲೆ ಚಾಚಿಕೊಳ್ಳುತ್ತದೆ. ಅಲ್ಲಿ ಕೂಡುವುದೇ ಇಲ್ಲ. ಕತ್ತರಿಸದೆ ಹಾಗೇ ಇಟ್ಟು, ಯಾಕೆ ಕೂಡಿಲ್ಲ ಅಂತ ಚಿತ್ರದ ಕೆಳಗೆ ಒಂದು ಸಾಲು ಬರೆದಳು. ಬ್ಯಾಟರಿ ಮುಗಿಯುವ ಮೊದಲು ಫೈಲ್ ಸೇವ್ ಆಯಿತು.